ಗಡಸು ನೀರಿನಿಂದ ಬೋರಾನ್ ಬೇರ್ಪಡಿಸುವಾಗ ಲವಣಗಳ ಪಾತ್ರ: ಅನುಭವ ಹಂಚಿಕೆ

ಕೋಲಾರದಿಂದ ಪ್ರಶ್ನೆ:
ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ 2-ಈಥೈಲ್-1,3-ಹೆಕ್ಸೇನ್‌ಡಯಾಲನ್ನು ಕ್ಲೋರೊಫಾರಂನಲ್ಲಿ ಬೆರೆಸಿ, ಅದರಿಂದ ನೀರಿನಲ್ಲಿರುವ ಬೋರಾನ್ ತೆಗೆಯುತ್ತಿದ್ದೇನೆ. ಬಟ್ಟಿ ಇಳಿಸಿದ ನೀರಿನಲ್ಲಿ ಲೆಕ್ಕ ಸರಿಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ, ನೇರ ಕರ್ಕ್ಯುಮಿನ್ ಪರೀಕ್ಷೆಗೆ (ಬೋರಾನ್ ಬೇರ್ಪಡಿಸದೆ, ಅರಿಶಿನದ ಬಣ್ಣದ ವಸ್ತುವಿನೊಂದಿಗೆ ಮೂಡುವ ಕೆಂಪು ಬಣ್ಣದಿಂದ ಅಳೆಯುವ ವಿಧಾನ) ಹೋಲಿಸಿದರೆ, ಕಡಿಮೆ ಬರುತ್ತಿದೆ. ಕರಗಿದ ಲವಣಗಳು ಅಡ್ಡಿಯಾಗುತ್ತಿವೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ ಉತ್ತರ:
ಲವಣಗಳು ಈ ಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿಯಲ್ಲ, ನೆರವು. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ನೀರಿನ ಅಣುಗಳನ್ನು ತಮ್ಮ ಸುತ್ತ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಬೋರಿಕ್ ಆಮ್ಲವನ್ನು (ನೀರಿನಲ್ಲಿ ಬೋರಾನ್ ಹೆಚ್ಚಾಗಿ ಇರುವ ರೂಪ) ಕರಗಿಸಿಕೊಳ್ಳಲು ಉಳಿಯುವ ನೀರು ಕಡಿಮೆಯಾಗಿ, ಅದು ದ್ರಾವಕದ ಪದರಕ್ಕೆ ಸುಲಭವಾಗಿ ದಾಟುತ್ತದೆ. ಸೋಡಿಯಂ, ಪೊಟ್ಯಾಸಿಯಂ ಕ್ಲೋರೈಡ್‌ಗಳಿಗೆ ಅಷ್ಟು ಬಲವಿಲ್ಲ. ಆದರೆ ಇದು ಎದ್ದು ಕಾಣುವುದು ಉಪ್ಪು ಸರೋವರಗಳ ಮೆಗ್ನೀಸಿಯಂ ತುಂಬಿದ ದಟ್ಟ ದ್ರಾವಣದಲ್ಲಿ. ಲೀಟರಿಗೆ ಒಂದೆರಡು ಗ್ರಾಂ ಲವಣವಿರುವ ನಮ್ಮ ಬಯಲುಸೀಮೆಯ ನೀರಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ಮೊದಲು ನೋಡಬೇಕಾದದ್ದು ಬೈಕಾರ್ಬನೇಟ್. ಬೋರಾನ್ ಬೋರಿಕ್ ಆಮ್ಲವಾಗಿಯೇ ಇರಲೆಂದು ಬಟ್ಟಿ ಇಳಿಸಿದ ನೀರಿಗೆ ಸಾಕಾಗುವಷ್ಟೇ ಆಮ್ಲವನ್ನು ಈ ನೀರಿಗೂ ಹಾಕಿದರೆ, ಅದರ ಬಹುಪಾಲನ್ನು ಬೈಕಾರ್ಬನೇಟೇ ನುಂಗುತ್ತದೆ. ಬೋರಿಕ್ ಆಮ್ಲದ ಪಿಕೆಎ (ಅದರಲ್ಲಿ ಅರ್ಧದಷ್ಟು ಬೋರೇಟ್ ಅಯಾನಾಗಿ ಬದಲಾಗುವ ಪಿಎಚ್) ಸುಮಾರು 9.2, ಪಿಎಚ್ ಅದರತ್ತ ಏರಿದಂತೆ ಬೋರೇಟ್ ಹೆಚ್ಚಾಗಿ ನೀರಿನಲ್ಲೇ ಉಳಿಯತೊಡಗುತ್ತದೆ. ಆದ್ದರಿಂದ ಹಾಕಿದ ಆಮ್ಲದ ಅಳತೆಯನ್ನಲ್ಲ, ಪಿಎಚ್ ಮೀಟರನ್ನು ನಂಬಿ. ಆಮ್ಲವನ್ನು ಬೀಕರಿನಲ್ಲೇ ಹಾಕಿ, ಗುಳ್ಳೆ ಏಳುವುದು ಪೂರ್ತಿ ನಿಂತ ಮೇಲೆ ಪದರಗಳನ್ನು ಬೇರ್ಪಡಿಸುವ ಫನಲ್‌ಗೆ ಸುರಿಯಿರಿ. ಇಲ್ಲವಾದರೆ ಕುಲುಕುವಾಗ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಬಿರಡೆ ಹಾರಿ, ಕ್ಲೋರೊಫಾರಂ ಮುಖಕ್ಕೆ ಸಿಡಿಯುವ ಅಪಾಯವಿದೆ.

ಚಿಕ್ಕಬಳ್ಳಾಪುರದಿಂದ ಉತ್ತರ:
ಮೇಲಿನ ಮಾತು ಸರಿ. ಆದರೆ ಹೋಲಿಕೆಯ ಅಂಕಿಯನ್ನೇ ಒಮ್ಮೆ ಶಂಕಿಸಿ ನೋಡಿ ಎಂದು ನನ್ನ ಸಲಹೆ. ಗಡಸುತನ ಲೀಟರಿಗೆ 100 ಮಿಲಿಗ್ರಾಂ ಮೀರಿದರೆ ನೇರ ಕರ್ಕ್ಯುಮಿನ್ ಪರೀಕ್ಷೆ ಬೋರಾನನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು, ಮತ್ತು ನಮ್ಮ ಮೂರೂ ಜಿಲ್ಲೆಗಳಲ್ಲಿ ಅಷ್ಟು ಗಡಸುತನ ತೀರಾ ಸಾಮಾನ್ಯ. ಹಾಗಿದ್ದರೆ ನೀವು ಕಡಿಮೆ ಎಂದುಕೊಂಡಿರುವ ಅಂಕಿಯೇ ನಿಜಕ್ಕೆ ಹತ್ತಿರವಿರಬಹುದು. ಅದೇ ಕೊಳವೆಬಾವಿಯ ನೀರಿಗೆ ಗೊತ್ತಿರುವಷ್ಟು ಬೋರಿಕ್ ಆಮ್ಲ ಸೇರಿಸಿ, ಸೇರಿಸಿದ್ದರಲ್ಲಿ ಎಷ್ಟು ಹಿಂದಿರುಗಿತು ಎಂಬುದನ್ನು ಅಳೆದರೆ ಸಂಶಯ ತೀರುತ್ತದೆ. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ಇಡಿ. ಬೋರೋಸಿಲಿಕೇಟ್ ಗಾಜು ತಾನೇ ಬೋರಾನ್ ಬಿಡುತ್ತದೆ.