ದ್ವೇಷದ ಮಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇರಬೇಕಾ?

ರಾತ್ರಿಪಾಳಿ:
ಒಂದು ಸುದ್ದಿ ತಾಣದಲ್ಲಿ ಓದುಗರ ಕಮೆಂಟ್ ನೋಡಿ, ಬೇಡದ್ದನ್ನು ಅಳಿಸುವುದು ನನ್ನ ಕೆಲಸ. ನಾಲ್ಕು ವರ್ಷ ಆಯ್ತು. ನಿನ್ನೆ ಒಂದೇ ಸುದ್ದಿಯ ಕೆಳಗೆ ಎರಡು ಬಂದವು. ಮೊದಲನೆಯದರಲ್ಲಿ ಒಂದು ಸಮುದಾಯವನ್ನು ಬಾಯಿಗೆ ಬಂದಂತೆ ಬೈದಿದ್ದರು, ಅರ್ಧ ಪುಟ. ಎರಡನೆಯದು ಒಂದೇ ಸಾಲು: "ಇವರ ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಲ್ವಾ?" ಕೊನೆಗೊಂದು ನಗುವ ಇಮೋಜಿ. ಬೈಗುಳ ಹಿಡಿಯುವ ಸಾಫ್ಟ್‌ವೇರ್ ಮೊದಲನೆಯದನ್ನು ತಾನೇ ತಡೆಯಿತು, ಎರಡನೆಯದನ್ನು ಆರಾಮಾಗಿ ಬಿಟ್ಟಿತು. ನನ್ನ ನಿದ್ದೆ ಕೆಡಿಸಿದ್ದು ಆ ಎರಡನೆಯದು.

ನಾನು ಅಳಿಸಿದೆ, ಸರಿ. ಅದು ನಮ್ಮಲ್ಲಿನ ನಿಯಮ. ಆದರೆ ಕಾನೂನು ಏನು ಮಾಡಬೇಕು? ಇಬ್ಬರಿಗೂ ಶಿಕ್ಷೆಯಾ? ನನಗಂತೂ ಬೈದವನನ್ನು ಜೈಲಿಗೆ ಕಳಿಸಲು ಮನಸ್ಸಿಲ್ಲ.

ಕರಿಕೋಟು:
ಅಮೆರಿಕದಲ್ಲಾದರೆ ಬೈದವನು ಬಚಾವ್. 1969ರ ಬ್ರಾಂಡನ್‌ಬರ್ಗ್ ಪ್ರಕರಣದಲ್ಲಿ ಬಿಳಿಯರೇ ಶ್ರೇಷ್ಠ ಅನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮುಖಂಡನ ಶಿಕ್ಷೆಯನ್ನೇ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾತು ಈಗಿಂದೀಗಲೇ ಅಪರಾಧಕ್ಕೆ ಎತ್ತಿಕಟ್ಟುವಂತಿರಬೇಕು, ಅದು ನಡೆಯುವ ಸಂಭವವೂ ಇರಬೇಕು. ಆಗ ಮಾತ್ರ ಶಿಕ್ಷೆ. ಜರ್ಮನಿಯಲ್ಲಿ ಒಂದು ಸಮುದಾಯದ ವಿರುದ್ಧ ದ್ವೇಷ ಕೆರಳಿಸುವುದನ್ನೇ ಅಪರಾಧ ಅನ್ನುವ ದಂಡಸಂಹಿತೆಯ 130ನೇ ಕಲಂ ಇದೆ, ಅಲ್ಲಿ ಇಷ್ಟು ಸಡಿಲ ಇಲ್ಲ. ಕೆನಡಾದಲ್ಲಿ ತರಗತಿಯೊಳಗೆ ಯಹೂದಿ ದ್ವೇಷ ಕಲಿಸುತ್ತಿದ್ದ ಕೀಗ್‌ಸ್ಟ್ರಾ ಎಂಬ ಮೇಷ್ಟ್ರ ಪ್ರಕರಣ 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ದ್ವೇಷ ಪ್ರಚಾರದ ಕಾನೂನು ಉಳಿಯಿತು, ಆದರೆ 4-3ರಲ್ಲಿ. ನ್ಯಾಯಮೂರ್ತಿಗಳಿಗೇ ಒಮ್ಮತ ಇಲ್ಲ ನೋಡಿ.

ನಿಮ್ಮ ಎರಡನೆಯದು ಬೆದರಿಕೆ. ಅದಕ್ಕೆ ಅಮೆರಿಕದಲ್ಲೂ ರಕ್ಷಣೆ ಇಲ್ಲ. ಆದರೆ ಆಸಾಮಿ ಜಾಣ, ಪ್ರಶ್ನೆ ಕೇಳಿದ್ದಾನೆ. ಸಾಬೀತು ಮಾಡುವಷ್ಟರಲ್ಲಿ ವಕೀಲರು ಸುಸ್ತು.

ಬೇಲಿಯಾಚೆ:
ಎರಡನ್ನೂ ಬೇರೆ ಬೇರೆ ಅಂದುಕೊಂಡಿದ್ದೀರಲ್ಲ, ಅಲ್ಲೇ ಎಡವಿದ್ದು. 1994ರ ರುವಾಂಡಾ ನೆನಪು ಮಾಡಿಕೊಳ್ಳಿ. ಅಲ್ಲಿನ ಆರ್‌ಟಿಎಲ್‌ಎಂ ಎಂಬ ರೇಡಿಯೋ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನು 'ಇನ್ಯೆಂಜಿ' ಅನ್ನುತ್ತಿತ್ತು, ಅಂದರೆ ಜಿರಳೆ. ಟುಟ್ಸಿಗಳ ಹತ್ಯಾಕಾಂಡ ಶುರುವಾದ ಮೇಲೆ ಅದೇ ರೇಡಿಯೋ ಜನರ ಹೆಸರು ಹೇಳಿತು, ಎಲ್ಲಿ ಅಡಗಿದ್ದಾರೆ ಅಂತಲೂ ಹೇಳಿತು. ಜಿರಳೆ ಅಂತ ಕೇಳಿ ಕೇಳಿ ಕಿವಿ ಒಗ್ಗಿದ ಮೇಲೆ ವಿಳಾಸ ಕೊಡುವುದು ಎಷ್ಟು ಹೊತ್ತಿನ ಕೆಲಸ? ಬೈಸಿಕೊಳ್ಳುವ ಕಡೆ ನಿಂತು ನೋಡಿ ಸ್ವಾಮಿ. ಸುಮ್ನೆ ಅರ್ಧ ಪುಟದ ಬೈಗುಳ ಅನಿಸುವುದಿಲ್ಲ.

ಒರೆಗಲ್ಲು:
ನೋವು ಅರ್ಥವಾಗುತ್ತದೆ. ಆದರೆ ಕೋಲು ಯಾರ ಕೈಯಲ್ಲಿ ಇರುತ್ತದೆ? ಬ್ರಿಟನ್ 1965ರಲ್ಲಿ ಜನಾಂಗ ದ್ವೇಷ ಕೆರಳಿಸುವುದರ ವಿರುದ್ಧ ಕಾಯ್ದೆ ತಂದಿತು. 1967ರಲ್ಲಿ ಅದರಡಿ ಜೈಲಿಗೆ ಹೋದವರಲ್ಲಿ ಮೈಕಲ್ ಎಕ್ಸ್ ಒಬ್ಬ, ಕಪ್ಪು ಜನರ ಪರ ಹೋರಾಟಗಾರ. ಇನ್ನು ಜರ್ಮನಿ: ಯಹೂದಿಗಳ ವಿರುದ್ಧ ಪತ್ರಿಕೆಯನ್ನೇ ನಡೆಸಿದ ಸ್ಟ್ರೈಖರ್‌ಗೆ ಹಿಟ್ಲರ್ ಬರುವ ಮೊದಲೇ ಕೋರ್ಟು, ಜೈಲು ಎಲ್ಲ ಆಗಿತ್ತು. ಹೊರಗೆ ಬಂದಾಗ ಹೀರೋ ಆಗಿದ್ದ.

ರಾತ್ರಿಪಾಳಿ:
ಒರೆಗಲ್ಲು ಅವರ ಮಾತೇ ನನ್ನದೂ, ಬೈದಿದ್ದಕ್ಕೆ ಜೈಲು ಬೇಡ. ಬೆದರಿಕೆಗೆ ಮಾತ್ರ ದೂರು ಕೊಡಬೇಕು. ಮೇಲಿನವರಿಗೆ ಬರೆದಿದ್ದೇನೆ.

ಆದರೆ ಬೇಲಿಯಾಚೆ ಬರೆದದ್ದನ್ನು ಓದಿ, ಆ ಒಂದು ಸಾಲಿನವನ ಹಳೇ ಕಮೆಂಟ್‌ಗಳನ್ನು ತೆಗೆದು ನೋಡಿದೆ. ಮೂರು ತಿಂಗಳ ಹಿಂದೆ ಅದೇ ಜನರನ್ನು 'ಹುಳಗಳು' ಅಂತ ಕರೆದಿದ್ದ. 'ಪರಿಶೀಲಿಸಲಾಗಿದೆ, ಇರಲಿ' ಅಂತ ಪಕ್ಕದಲ್ಲೇ ಗುರುತಿದೆ. ಆ ಗುರುತು ಹಾಕಿದವನು ನಾನೇ.