ಸಿಮೆಂಟಿನ ಬೆಂಚಿಗೆ ಮರದ ಕಳೆ ಬರುತ್ತಿಲ್ಲ, ಎಲ್ಲಿ ಎಡವುತ್ತಿದ್ದೇನೆ?

ಹಸಿಗಾರೆ:

ತೋಟಕ್ಕೊಂದು ಬೆಂಚು ಮಾಡುತ್ತಿದ್ದೇನೆ. ಅಡ್ಡ ಮಲಗಿದ ಎರಡು ದಪ್ಪ ದಿಮ್ಮಿಗಳ ಮೇಲೆ ಮೂರು ಹಲಗೆ ಹಾಸಿದಂತೆ ಕಾಣಬೇಕು. ಬೆನ್ನಿಗೆ ಒರಗಲು ಕವಲೊಡೆದ ಒಂದು ಕೊಂಬೆ. ಎಲ್ಲವೂ ಸಿಮೆಂಟಿನದೇ. ಸರಳು ಬಗ್ಗಿಸಿ ಕಟ್ಟಿ, ಜಾಲರಿ ಸುತ್ತಿ, ಒಳಗಾರೆ ಮೆತ್ತಿಯಾಗಿದೆ. ಮೇಲಿನ ಪದರ ಹಾಕಿ ಕೆತ್ತುವುದಷ್ಟೇ ಬಾಕಿ.

ಅದಕ್ಕೆ ಮೊದಲು ಕೈ ಪಳಗಲಿ ಎಂದು ಜಾಲರಿಯ ತುಂಡೊಂದಕ್ಕೆ ಗಾರೆ ಹಚ್ಚಿ, ಬಾಚಣಿಗೆಯಿಂದ ಮರದ ಎಳೆ ಎಳೆದು ನೋಡಿದೆ. ಗೆರೆಗಳು ಚೊಕ್ಕವಾಗಿ ಬಂದಿವೆ, ನಡುವೆ ಒಂದು ಗಂಟನ್ನೂ ಕೂರಿಸಿದ್ದೇನೆ. ಆದರೂ ಅದು ಗೆರೆ ಎಳೆದ ಸಿಮೆಂಟಿನ ಹಾಗೆಯೇ ಕಾಣುತ್ತದೆ. ಕಂದು ಬಣ್ಣದ ಪೇಂಟ್ ಬಳಿದ ಮೇಲೆ ಇನ್ನಷ್ಟು ಕಳೆಗೆಟ್ಟಿತು. ಕಣ್ಣಿಗೆ ಸಿಕ್ಕಿಬೀಳುತ್ತಿರುವುದು ಏನು? ಕೆತ್ತಲು ಸರಿಯಾದ ಹೊತ್ತು ಯಾವುದು? ಬೇಗ ಕೈಯಿಟ್ಟರೆ ಗಾರೆ ಮೆತ್ತಿಕೊಳ್ಳುತ್ತದೆ, ತಡಮಾಡಿದರೆ ಪುಡಿಪುಡಿಯಾಗಿ ಉದುರುತ್ತದೆ.

ಅಚ್ಚುಮೆಚ್ಚು:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ? ತೊಗಟೆಯ ರಬ್ಬರ್ ಅಚ್ಚುಗಳು ಸಿಗುತ್ತವೆ. ಹಸಿ ಗಾರೆಯ ಮೇಲೆ ಒತ್ತಿ ತೆಗೆದರೆ ಕೆಲಸ ಮುಗಿಯಿತು. ಅಷ್ಟಕ್ಕೂ ಮರವೇ ಬೇಕೆನಿಸಿದರೆ ಮರದ ಬೆಂಚನ್ನೇ ಹಾಕಬಹುದಲ್ಲ?

ತೊಗಟೆ:

ಅಚ್ಚಿನ ಮಾತು ಆಮೇಲೆ. ಹಸಿಗಾರೆಯವರೇ, ಆ ಬಾಚಣಿಗೆಯನ್ನು ದಯವಿಟ್ಟು ಕನ್ನಡಿಯ ಪಕ್ಕಕ್ಕೆ ವಾಪಸು ಕಳಿಸಿ. ಅದು ಎಳೆಯುವ ಗೆರೆಗಳೆಲ್ಲ ಒಂದೇ ಆಳ, ಒಂದೇ ಅಂತರ. ಮರದಲ್ಲಿ ಅಂಥ ಶಿಸ್ತು ಹುಡುಕಿದರೂ ಸಿಗುವುದಿಲ್ಲ.

ನಿಮ್ಮ ಹಲಗೆಯ ಗುಟ್ಟು ರಟ್ಟಾಗುವುದು ಅದರ ತುದಿಯಲ್ಲಿ. ಹೆಚ್ಚಿನವರು ಮೇಲ್ಮುಖಕ್ಕೆ ಪ್ರಾಣ ಬಿಟ್ಟು ಎಳೆ ಬಿಡಿಸುತ್ತಾರೆ, ತುದಿಯನ್ನು ಕರಣೆಯಿಂದ ಸವರಿ ಕೈತೊಳೆದುಕೊಳ್ಳುತ್ತಾರೆ. ಹಲಗೆ ಎಂಬುದು ದಿಮ್ಮಿಯಿಂದ ಕೊಯ್ದ ಹೋಳು. ತುದಿಯಲ್ಲಿ ಉಂಗುರವಾಗಿ ಕಾಣುವುದೇ ಮೇಲ್ಮುಖದಲ್ಲಿ ಎಳೆಯಾಗಿ ಓಡುತ್ತದೆ. ತುದಿಯ ಉಂಗುರಗಳು ಕಮಾನಾಗಿ ಬಾಗಿದ್ದರೆ ಮೇಲೆ ನಟ್ಟನಡುವಿನ ಎಳೆಗಳು ಅಗಲವಾಗಿ, ಒಂದರೊಳಗೊಂದು ಸೇರಿದ ಉದ್ದನೆಯ ಚೂಪು ಕಮಾನುಗಳಾಗಬೇಕು, ಎರಡೂ ಅಂಚಿನ ಕಡೆಗೆ ಒತ್ತೊತ್ತಾಗಿ ನೇರವಾಗಬೇಕು. ತುದಿಯಲ್ಲಿ ಉಂಗುರಗಳು ನೆಟ್ಟಗೆ ನಿಂತಿದ್ದರೆ ಮೇಲೆ ಬರೀ ನೇರ ಎಳೆ. ನಾನು ಮೊದಲು ಕೆತ್ತುವುದು ತುದಿಯನ್ನೇ. ಪ್ರತಿ ಉಂಗುರ ಮೇಲಂಚನ್ನು ಮುಟ್ಟುವಲ್ಲಿ ಮೊಳೆಯಿಂದ ಚುಕ್ಕಿಯಿಟ್ಟು, ಆ ಚುಕ್ಕಿಯಿಂದಲೇ ಮುಖದ ಎಳೆಯನ್ನು ಹೊರಡಿಸುತ್ತೇನೆ. ನೋಡುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಲೆಕ್ಕ ತಪ್ಪಿದ ಹಲಗೆಯನ್ನು ಮಾತ್ರ ದೂರದಿಂದಲೇ ಹಿಡಿದುಬಿಡುತ್ತಾರೆ.

ಗಂಟನ್ನೂ ಹಾಗೇ ಚಿತ್ರ ಬರೆದಂತೆ ಅಂಟಿಸಬೇಡಿ. ಅದು ಹಿಂದೊಮ್ಮೆ ಅಲ್ಲಿದ್ದ ಕೊಂಬೆಯ ಬುಡ. ಹರಿಯುವ ನೀರು ಬಂಡೆಯನ್ನು ಬಳಸುವಂತೆ ಎಳೆಗಳು ಸಾಕಷ್ಟು ದೂರದಿಂದಲೇ ಸರಿದು, ಗಂಟಿನ ಪಕ್ಕದಲ್ಲಿ ಕಿಕ್ಕಿರಿದು, ದಾಟಿದ ಮೇಲೆ ನಿಧಾನವಾಗಿ ಕೂಡಿಕೊಳ್ಳಬೇಕು.

ಇನ್ನು ದಿಮ್ಮಿಗಳ ಕೊಯ್ದ ಮುಖ. ಅಲ್ಲಿ ಬಿರುಕು ಬೇಕೇ ಬೇಕು, ಆದರೆ ಎತ್ತ ಕಡೆ ಅಗಲ? ಮರ ಒಣಗುವಾಗ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ಹೊರಮುಖವಾಗಿ ಆಗುವುದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು. ಹಾಗಾಗಿ ಬಿರುಕು ತಿರುಳಿನ ಬಳಿ ಸಣ್ಣದಾಗಿದ್ದು ತೊಗಟೆಯ ಕಡೆಗೆ ಬಾಯಿ ತೆರೆಯುತ್ತದೆ. ನಡುವೆ ದೊಡ್ಡ ತೂತು ಕೊರೆದು ಅಂಚಿನತ್ತ ಸಣ್ಣ ಗೀರು ಎಳೆದ ದಿಮ್ಮಿಗಳನ್ನು ಎಷ್ಟು ತೋಟಗಳಲ್ಲಿ ನೋಡಿದ್ದೇನೋ! ತಿರುಳನ್ನೂ ಸರಿಯಾಗಿ ಮಧ್ಯಕ್ಕೆ ಇಡಬೇಡಿ. ವಾಲಿ ಬೆಳೆದ ಮರದಲ್ಲಿ ಉಂಗುರಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು.

ತೊಗಟೆ ನನ್ನ ಹೆಸರಿನಲ್ಲೇ ಇರುವುದರಿಂದ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಒಳಗಿನ ಮರ ದಪ್ಪವಾಗುತ್ತಲೇ ಹೋಗುತ್ತದೆ, ಹೊರಗಿನ ಸತ್ತ ತೊಗಟೆಗೆ ಹಿಗ್ಗಲು ಬರುವುದಿಲ್ಲ, ಆದ್ದರಿಂದ ಸೀಳುತ್ತದೆ. ಒರಟು ತೊಗಟೆಯ ಮರದಲ್ಲಿ ಬುಡದ ಸೀಳು ಆಳ, ಎಳೆಯ ಕೊಂಬೆ ಹೆಚ್ಚುಕಡಿಮೆ ನುಣುಪು. ನಿಮ್ಮ ದಿಮ್ಮಿಗೂ ಬೆನ್ನಿನ ಕೊಂಬೆಗೂ ಒಂದೇ ತೊಗಟೆ ಹಾಕಿದರೆ ಅಲ್ಲೇ ಮುಗಿಯಿತು. ಸೀಳನ್ನು ಕೊರೆಯಬಾರದು, ಬಿರಿಯಿಸಬೇಕು. ಹದಕ್ಕೆ ಬಂದ ಗಾರೆಗೆ ತೆಳು ಚಾಕುವನ್ನು ಓರೆಯಾಗಿ ಇಳಿಸಿ, ಮಣಿಕಟ್ಟನ್ನು ಸ್ವಲ್ಪವೇ ತಿರುಗಿಸಿ. ಒಂದು ಅಂಚು ಮೇಲೆದ್ದು ಹರಿಯುತ್ತದೆ. ಆ ಹರಿದ ಅಂಚನ್ನು ಸವರಿ ಸರಿಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಮೊಂಡು ಕುಂಚವನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ತುದಿಯಿಂದ ಕುಟ್ಟಬೇಕು, ಎಳೆಯಬಾರದು. ಎಳೆದರೆ ಮರಳು ಮೇಲೆದ್ದು ಸಿಮೆಂಟಿನ ಮುಖ ಮತ್ತೆ ಹೊರಬೀಳುತ್ತದೆ. ಸೀಳಿನ ಒಳಗು ಒರಟಾಗಿಯೇ ಇರಲಿ. ಮಳೆ, ಗಾಳಿ, ಕೈ ತಾಗುವ ಉಬ್ಬನ್ನು ಮಾತ್ರ ಬೆರಳಿನಿಂದ ತುಸು ಸವೆಸಿ.

ಕವಲು ಸೇರುವಲ್ಲಿ, ಅಂದರೆ ಕೊಂಬೆಯ ಕಂಕುಳಲ್ಲಿ, ತೊಗಟೆ ಒತ್ತಿಕೊಂಡು ಸುಕ್ಕಿನ ಏಣು ಕಟ್ಟಿರುತ್ತದೆ. ಅದನ್ನು ಬಿಟ್ಟರೆ ಕೊಂಬೆ ಬೆಳೆದಂತಿರುವುದಿಲ್ಲ, ತಂದು ಜೋಡಿಸಿದಂತಿರುತ್ತದೆ.

ಅಚ್ಚುಮೆಚ್ಚು ಅವರೇ, ಅಚ್ಚಿನ ತೊಂದರೆ ಇದೇ. ಅದು ಒಂದು ಅಂಗೈ ತೊಗಟೆಯನ್ನು ಅದ್ಭುತವಾಗಿ ಒತ್ತುತ್ತದೆ, ಮುಂದಿನ ಅಂಗೈಗೂ ಅದನ್ನೇ ಒತ್ತುತ್ತದೆ. ಬೆಂಚಿನ ಹಿಂಬದಿಗೆ ಬೇಕಾದರೆ ಬಳಸಿ, ಜಗಳವಿಲ್ಲ. ಮರವನ್ನೇ ಹಾಕಬಹುದಲ್ಲ ಎಂದಿರಿ. ಹಾಕಬಹುದು. ಆದರೆ ಈ ಕಸುಬಿಗೂ ಕಬ್ಬಿಣ ಸೇರಿದ ಕಾಂಕ್ರೀಟಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1867ರಲ್ಲಿ ಕಬ್ಬಿಣದ ಜಾಲ ಹುದುಗಿಸಿದ ಸಿಮೆಂಟಿನ ಗಿಡದ ತೊಟ್ಟಿಗೆ ಪೇಟೆಂಟ್ ಪಡೆದ ಫ್ರಾನ್ಸಿನ ಜೋಸೆಫ್ ಮೋನ್ಯೇ ವೃತ್ತಿಯಿಂದ ತೋಟಗಾರ. 1875ರಲ್ಲಿ ಶಾಜ್ಲೆ ಕೋಟೆಮನೆಯಲ್ಲಿ ಅವನ ವಿನ್ಯಾಸದಂತೆ ಕಟ್ಟಿದ ಕಾಲುಸೇತುವೆಯ ಕಟಕಟೆಯೂ ಮರದ ಕೊಂಬೆಗಳ ವೇಷ ತೊಟ್ಟಿದೆ. ಪ್ಯಾರಿಸ್ಸಿನ ಬ್ಯೂಟ್ ಶೋಮೋಂ ಉದ್ಯಾನ ತೆರೆದದ್ದೂ 1867ರಲ್ಲೇ. ಅಲ್ಲಿನ ಕಟಕಟೆಗಳೂ ಸಿಮೆಂಟಿನ ಮರವೇ.

ಮೆಕ್ಸಿಕೋದಲ್ಲಿ ಹುಟ್ಟಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ನೆಲೆಸಿದ ದಿಯೊನೀಸಿಯೊ ರೊಡ್ರಿಗೆಸ್ (1891–1955) ಈ ಕೆಲಸದಲ್ಲಿ ನನ್ನ ಮಟ್ಟಿಗೆ ಎಲ್ಲರಿಗಿಂತ ಮೇಲು. ಗಾರೆ ಮತ್ತು ಬಣ್ಣದ ಪಾಕವನ್ನು ಆತ ಯಾರಿಗೂ ಬಿಟ್ಟುಕೊಡಲಿಲ್ಲ. ಆದರೆ ಅರ್ಕಾನ್ಸಾದ ನಾರ್ತ್ ಲಿಟಲ್ ರಾಕ್‌ನಲ್ಲಿರುವ ಹಳೆಯ ಗಿರಣಿ ಉದ್ಯಾನದ ಚಿತ್ರಗಳನ್ನು ನೋಡಿ. ಅಲ್ಲಿ ಕಣ್ಣು ನಂಬುವುದು ಮರಕ್ಕೆ ಆದ ಪೆಟ್ಟುಗಳನ್ನು. ಮುರಿದ ಕೊಂಬೆ, ಕಿತ್ತುಬಂದ ತೊಗಟೆ. ನಿಮ್ಮ ಬೆಂಚಿನಲ್ಲೂ ಒಂದು ಕಡೆ ತೊಗಟೆ ಎದ್ದುಹೋಗಿ ಒಳಗಿನ ನುಣುಪು ಮರ ಕಾಣಲಿ.

ಕಂಬಿಕಟ್ಟು:

ತೊಗಟೆಯವರು ಆಳವಾದ ಸೀಳು ಎಂದು ಹುರಿದುಂಬಿಸಿದ್ದಾರೆ, ನನ್ನ ಎದೆ ಧಸಕ್ಕೆಂದಿತು. ಸೀಳಿನ ತಳದಲ್ಲಿ ಜಾಲರಿಯ ಮೇಲೆ ಎಷ್ಟು ಗಾರೆ ಉಳಿಯುತ್ತದೆ ಎಂದು ಯಾರೂ ನೋಡುವುದಿಲ್ಲ. ಹೊಸ ಸಿಮೆಂಟಿನ ಕ್ಷಾರ ಕಬ್ಬಿಣವನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಇಂಗುತ್ತಾ ಹೋದಂತೆ ಆ ಕಾವಲು ಮೇಲ್ಮೈಯಿಂದ ಒಳಕ್ಕೆ ಸಡಿಲಗೊಳ್ಳುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಒದ್ದು ಗಾರೆಯನ್ನು ಎಬ್ಬಿಸುತ್ತದೆ. ಸತು ಲೇಪಿಸಿದ ಜಾಲರಿ ಬಳಸಿ. ಸೀಳು ಎಲ್ಲಿ ಬರುತ್ತದೆಂದು ಮೊದಲೇ ಗುರುತಿಸಿ, ಅಲ್ಲಿ ಒಳಗಾರೆಯನ್ನೇ ತಗ್ಗಾಗಿ ಬಿಟ್ಟರೆ ಮೇಲ್ಪದರದ ದಪ್ಪ ಎಲ್ಲ ಕಡೆಯೂ ಉಳಿಯುತ್ತದೆ. ಬೇಗ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಬೇಡಿ, ಕ್ಲೋರೈಡ್ ಕಬ್ಬಿಣದ ಶತ್ರು.

ಹಲಗೆಗಳಿಗೆ ಒಂದು ಪಕ್ಕಕ್ಕೆ ಇಳಿಜಾರು ಕೊಡಿ, ಕೆಳಗಂಚಿನ ಗುಂಟ ಒಂದು ಗೀರು ಬಿಡಿ. ಅಲ್ಲಿ ನೀರು ತೊಟ್ಟಿಕ್ಕಿ ಬೀಳುತ್ತದೆ, ಹೊಟ್ಟೆಯಡಿ ಹರಿದು ಒಳಕ್ಕೆ ಹೋಗುವುದಿಲ್ಲ. ತೂಕವೂ ನೆನಪಿರಲಿ. ಒಂದೂವರೆ ಮೀಟರ್ ಉದ್ದ, 15 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಒಂದೇ ಹಲಗೆ ಸುಮಾರು 25 ಕಿಲೋ ತೂಗುತ್ತದೆ. ದಿಮ್ಮಿಗಳ ಅಡಿಯಲ್ಲಿ ಜಲ್ಲಿ ಕುಟ್ಟಿದ ಗಟ್ಟಿ ನೆಲ ಇರಲಿ.

ಹಸಿಗಾರೆ:

ತುದಿಯ ಉಂಗುರದ ಮಾತು ಓದಿ ನನ್ನ ತುಂಡನ್ನು ಮತ್ತೆ ನೋಡಿದೆ. ತುದಿಯಲ್ಲಿ ವೃತ್ತಗಳು, ಮೇಲೆ ನೇರ ಗೆರೆಗಳು. ಅಂಥ ಮರ ಇರಲು ಸಾಧ್ಯವೇ ಇಲ್ಲ, ಈಗ ಕಾಣುತ್ತಿದೆ. ಗಾರೆಯ ಪಾಕ ಮತ್ತು ಬಣ್ಣದ ಬಗ್ಗೆಯೂ ಹೇಳಿಬಿಡಿ. ಬಿಳಿ ಗೋಂದು ಬೆರೆಸಿದರೆ ಮೇಲ್ಪದರ ಚೆನ್ನಾಗಿ ಹಿಡಿಯುತ್ತದೆ ಎಂದು ಒಬ್ಬರು ಹೇಳಿದರು.

ತೊಗಟೆ:

ಮರಗೆಲಸದ ಬಿಳಿ ಗೋಂದು ಬೇಡ. ಒದ್ದೆಯಾದಾಗಲೆಲ್ಲ ಮತ್ತೆ ಮೆತ್ತಗಾಗುವ ಜಾತಿ ಅದು, ತೋಟಕ್ಕೆ ಹೇಳಿಸಿದ್ದಲ್ಲ. ಸಿಮೆಂಟಿಗೆಂದೇ ಇರುವ ಅಕ್ರಿಲಿಕ್ ದ್ರಾವಣವನ್ನು ಕಲಸುವ ನೀರಿನ ಒಂದು ಪಾಲಿನ ಬದಲು ಹಾಕಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ನುಣ್ಣಗೆ ಜರಡಿ ಹಿಡಿದ ಮರಳು. ದಪ್ಪ ಮರಳಿನ ಒಂದೇ ಒಂದು ಕಾಳು ಚಾಕುವಿಗೆ ಸಿಕ್ಕಿ ಎಳೆಯನ್ನೆಲ್ಲ ಉತ್ತುಬಿಡುತ್ತದೆ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕರಣೆಯನ್ನು ಓರೆ ಹಿಡಿದರೂ ಗಾರೆ ಜಾರಬಾರದು. ಒಳಗಾರೆಯನ್ನು ಮೊದಲೇ ನೆನೆಸಿಡಿ, ಹಚ್ಚುವಾಗ ಮೇಲೆ ನೀರು ನಿಂತಿರಬಾರದು.

ಕೆತ್ತುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ. ಹೆಬ್ಬೆರಳು ಒತ್ತಿ. ಕುಳಿ ಬೀಳಬೇಕು, ಬೆರಳಿಗೆ ಗಾರೆ ಅಂಟಬಾರದು. ದೊಡ್ಡ ಉಬ್ಬುತಗ್ಗುಗಳನ್ನು ಅದಕ್ಕೂ ಮೊದಲೇ ಕೂರಿಸಿ, ಸೀಳು ಮತ್ತು ಗಂಟು ಈ ಹದದಲ್ಲಿ, ಸಣ್ಣ ಎಳೆಗಳು ಎಲ್ಲಕ್ಕಿಂತ ಕೊನೆಗೆ. ಬಿಸಿಲಿದ್ದರೆ ನೆರಳು ಕಟ್ಟಿಕೊಂಡೇ ಶುರುಮಾಡಿ. ಒಂದು ಸಲಕ್ಕೆ ಒಂದೇ ಹಲಗೆ ಹಚ್ಚಿ, ಎರಡು ಹಲಗೆಗಳ ಸಂದಿನಲ್ಲೇ ಕೆಲಸ ನಿಲ್ಲಿಸಿ. ಮುಖದ ನಡುವೆ ನಿಲ್ಲಿಸಿದರೆ ಅಲ್ಲೊಂದು ಬೆಸುಗೆ ಗೆರೆ ಶಾಶ್ವತ. ರಬ್ಬರ್ ಕೈಗವಸು ಹಾಕಿಕೊಳ್ಳಿ, ಹಸಿ ಸಿಮೆಂಟ್ ಚರ್ಮವನ್ನು ಸದ್ದಿಲ್ಲದೆ ಸುಡುತ್ತದೆ.

ಕೆತ್ತಿದ ಮೇಲೆ ಒದ್ದೆ ಗೋಣಿಯನ್ನು ನೇರವಾಗಿ ಹೊದಿಸಬೇಡಿ, ಗೋಣಿಯ ನೇಯ್ಗೆ ಮರದ ಮೇಲೆ ಮೂಡೀತು. ತಾಗದಂತೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಅಕ್ರಿಲಿಕ್ ಇರುವ ಪದರ ಒಂದೆರಡು ದಿನ ತೇವದಲ್ಲಿದ್ದು ಆಮೇಲೆ ಗಾಳಿಗೆ ಒಣಗಲಿ. ಅಕ್ರಿಲಿಕ್ ಇಲ್ಲದ ಒಳಗಾರೆಗೆ ಏಳು ದಿನದ ನೀರು ತಪ್ಪಿಸುವಂತಿಲ್ಲ.

ಬಣ್ಣದ ವಿಚಾರಕ್ಕೆ ಬಂದರೆ, ಕಂದು ಪೇಂಟ್ ಏಕೆ ಸೋತಿತು ಗೊತ್ತೇ? ಬಯಲಲ್ಲಿ ಬಿದ್ದ ಮರ ಕಂದಾಗಿ ಉಳಿಯುವುದಿಲ್ಲ. ಬಿಸಿಲು ಅದರ ಲಿಗ್ನಿನ್ ಎಂಬ ಅಂಶವನ್ನು ಒಡೆಯುತ್ತದೆ, ಮಳೆ ತೊಳೆದೊಯ್ಯುತ್ತದೆ, ಉಳಿಯುವುದು ಬೂದು. ಅಂದರೆ ಸಿಮೆಂಟಿನ ಸ್ವಂತ ಬಣ್ಣ ಅರ್ಧ ಕೆಲಸ ಮುಗಿಸಿಯೇ ಕೊಟ್ಟಿದೆ, ಅದನ್ನು ಮುಚ್ಚಿ ಹಾಕುವುದು ದಡ್ಡತನ. ಗಾರೆಯಲ್ಲೇ ಚಿಟಿಕೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ ಬೂದಿಗೆ ತುಸು ಬೆಚ್ಚನೆಯ ಛಾಯೆ ಕೊಡಿ. ಸಿಮೆಂಟಿನ ತೂಕದ 10 ಶೇಕಡಾ ಮೀರಬಾರದು, ನಿಮಗೆ ಅದರ ಕಾಲುಭಾಗವೂ ಬೇಕಾಗದು. ಒಣಗಿದ ಮೇಲೆ ಕಪ್ಪು ಆಕ್ಸೈಡನ್ನು ನೀರು ಬೆರೆಸಿದ ಅಕ್ರಿಲಿಕ್‌ನಲ್ಲಿ ಕದಡಿ ಎಲ್ಲ ಕಡೆ ಹರಿಸಿ, ಉಬ್ಬುಗಳ ಮೇಲಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಸೀಳಿನ ಒಳಗೆ ಮಾತ್ರ ನೆರಳು ಉಳಿಯುತ್ತದೆ. ತೊಗಟೆ ಎದ್ದ ಜಾಗ ಹಾಗೂ ಹೊಸದಾಗಿ ಮುರಿದ ಕೊಂಬೆಯ ತುದಿಗೆ ಫೆರಸ್ ಸಲ್ಫೇಟ್ ದ್ರಾವಣ ಹಚ್ಚಿ. ಹಚ್ಚುವಾಗ ಏನೂ ಕಾಣುವುದಿಲ್ಲ, ಸಿಮೆಂಟಿನ ಸುಣ್ಣದೊಡನೆ ಕೂಡಿ ಆಮೇಲೆ ಕಾವಿ ಬಣ್ಣಕ್ಕೆ ತಿರುಗುತ್ತದೆ. ಸಾಲದೆಂದು ಆಗಲೇ ಇನ್ನೊಂದು ಕೈ ಬಳಿಯಬೇಡಿ, ಮರುದಿನ ನೋಡಿ ತೀರ್ಮಾನಿಸಿ.

ಅಚ್ಚುಮೆಚ್ಚು:

ಸರಿ, ಅಚ್ಚನ್ನು ಹಿಂಬದಿಗೇ ಇಡೋಣ. ಮೇಲೆ ವಾರ್ನಿಷ್ ಆದರೂ ಹೊಡೆಯಬಹುದೋ ಇಲ್ಲವೋ?

ತೊಗಟೆ:

ಹೊಳಪು ಬಂದರೆ ಪ್ಲಾಸ್ಟಿಕ್ ಮರವಾಗುತ್ತದೆ. ಅದು ಪೊರೆ ಕಟ್ಟಿ ಮುಂದೆ ಸುಲಿಯುತ್ತದೆ ಕೂಡ. ನೀರು ತಡೆಯುವುದೇ ಉದ್ದೇಶವಾದರೆ, 28 ದಿನ ಕಳೆದ ಮೇಲೆ ಒಳಗೆ ಇಂಗುವ ಸಿಲೇನ್–ಸಿಲಾಕ್ಸೇನ್ ಲೇಪ ಸಾಕು. ಅದಕ್ಕೂ ಮೊದಲು ಬಿಳಿ ಸುಣ್ಣದ ಹೂವು ಮೇಲೆ ಅರಳಿದ್ದರೆ ಒಣ ಕುಂಚದಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅದನ್ನೂ ಸೇರಿಸಿ ಮುದ್ರೆ ಒತ್ತಿದಂತಾಗುತ್ತದೆ.

ಹಸಿಗಾರೆಯವರೇ, ಮುಂದಿನ ತುಂಡನ್ನು ಮಾಡಿದಾಗ ತುದಿಯ ಚಿತ್ರವನ್ನೇ ಮೊದಲು ಹಾಕಿ. ಮೇಲ್ಮುಖ ಹೇಗೆ ಓಡಬೇಕೆಂದು ನೋಡಿ ಹೇಳುತ್ತೇನೆ.