ಪದಚರ್ಚೆ: ಮೂಡಲ್ ತೆರೆಯ ಮೇಲೆ ‘ಮೌಲ್ಯಮಾಪನ’ವೋ ‘ತಿದ್ದು’ವೋ?

ಬಲ್ಲವರಲ್ಲಿ ಒಂದು ವಿಚಾರಣೆ. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ನಾವು ಕೆಲವರು, ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗಾಗಿ, ಪಾಠ ಹಂಚುವುದು, ಬರಹ ಒಪ್ಪಿಸುವುದು, ಅಂಕ ಕೊಡುವುದನ್ನೆಲ್ಲ ಅಂತರಜಾಲದಲ್ಲಿ ನಡೆಸುವ ಮೂಡಲ್ ತಂತ್ರಾಂಶವನ್ನು ಕನ್ನಡಕ್ಕೆ ಒಗ್ಗಿಸುತ್ತಿದ್ದೇವೆ. (ಹೆಸರು ಕಿವಿಗೆ ನಮ್ಮ ‘ಮೂಡಲ’ದಂತೆ ಕೇಳಿಸಿದರೂ ಸಂಬಂಧವಿಲ್ಲ.) ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಆರಂಭಿಸಿದ ಈ ಮುಕ್ತ ತಂತ್ರಾಂಶದ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ತೆರೆಯ ಮೇಲಿನ ಯಾವ ಪದ ಹಿಡಿಸದಿದ್ದರೂ ಆಯಾ ಸಂಸ್ಥೆಯವರೇ ಬದಲಿಸಿಕೊಳ್ಳುವ ಸೌಲಭ್ಯ ಅದರೊಳಗೇ ಇದೆ. ಆದ್ದರಿಂದ ಕೆಟ್ಟ ಕನ್ನಡಕ್ಕೆ ತಂತ್ರಾಂಶವನ್ನು ದೂರುವಂತಿಲ್ಲ.

ತೊಡಕಿರುವುದು ‘ಮೌಲ್ಯಮಾಪನ’ದಲ್ಲಿ. ಆಂತರಿಕ ಮೌಲ್ಯಮಾಪನ, ಮರುಮೌಲ್ಯಮಾಪನ, ಮೌಲ್ಯಮಾಪನ ಕೇಂದ್ರ, ಶಾಲೆಗಳ ರೂಪಣಾತ್ಮಕ (ಕಲಿಕೆಯ ನಡುವೆಯೇ ಸುಧಾರಿಸಲೆಂದು ಮಾಡುವ) ಮತ್ತು ಸಂಕಲನಾತ್ಮಕ (ಕೊನೆಯಲ್ಲಿ ಒಟ್ಟು ಕಲಿಕೆಯನ್ನು ಅಳೆಯುವ) ಮೌಲ್ಯಮಾಪನ ಹೀಗೆ ಎಲ್ಲೆಲ್ಲೂ ಅದೊಂದೇ. ಸುತ್ತೋಲೆಯಲ್ಲಾದರೆ ಹಿಂದುಮುಂದಿನ ಮಾತು ನೋಡಿ ಅರ್ಥ ಮಾಡಿಕೊಳ್ಳಬಹುದು. ತೆರೆಯ ಗುಂಡಿಯ ಮೇಲೆ ಒಂಟಿ ಪದವಷ್ಟೇ ಇರುತ್ತದೆ. ವಿದ್ಯಾರ್ಥಿ ಒಪ್ಪಿಸಿದ ಬರಹವನ್ನು ಓದಿ ಅಂಚಿನಲ್ಲಿ ಟಿಪ್ಪಣಿ ಹಾಕುವುದು, ಅದಕ್ಕೆ ಅಂಕ ಕೊಡುವುದು, ಸೆಮಿಸ್ಟರ್ ಮುಗಿದಾಗ ಪಾಠ ಹೇಗಿತ್ತೆಂದು ವಿದ್ಯಾರ್ಥಿಗಳೇ ಹೇಳುವುದು, ಈ ಮೂರೂ ಬೇರೆಬೇರೆ ಕೆಲಸ. ನಮ್ಮ ಮೊದಲ ಕರಡಿನಲ್ಲಿ ಮೂರಕ್ಕೂ ಮೌಲ್ಯಮಾಪನವೇ ಬಂದು ಕೂತಿತ್ತು.

ಅಂಕದ ವಿಷಯ ಸುಲಭ. ‘ಗ್ರೇಡ್’ ಎಂಬುದಕ್ಕೆ ‘ಶ್ರೇಣಿ’ ಎಂದರೆ, ಇಪ್ಪತ್ತಕ್ಕೆ ಹದಿನಾಲ್ಕು ಪಡೆದವನ ಮುಂದೆ ‘ಶ್ರೇಣಿ: 14’ ಎಂದು ಕಾಣುತ್ತದೆ, ಅವನು ಹದಿನಾಲ್ಕನೆಯ ಸ್ಥಾನ ಎಂದೇ ತಿಳಿದಾನು. ಕಾಲಂ ತಲೆಬರಹಕ್ಕೆ ‘ಅಂಕ’, ಗುಂಡಿಗೆ ‘ಅಂಕ ನೀಡಿ’ ಸಾಕು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಎಂದು ನಾವೂ ಹಾಗೆ ಮಾಡಬೇಕಿಲ್ಲ.

ಟಿಪ್ಪಣಿ ಹಾಕುವ ಕೆಲಸಕ್ಕೆ ನನ್ನ ಮನಸ್ಸು ‘ತಿದ್ದು’ ಕಡೆಗೆ ಎಳೆಯುತ್ತಿದೆ. ಮೈಸೂರು, ಮಂಡ್ಯದ ಮೇಷ್ಟ್ರುಗಳು ‘ಪೇಪರ್ ತಿದ್ದಲು ಹೋಗಿದ್ದೆ’ ಎನ್ನುತ್ತಾರೆಯೇ ಹೊರತು ಮೌಲ್ಯಮಾಪನಕ್ಕೆ ಹೋಗಿದ್ದೆ ಎನ್ನುವುದು ಕಡಿಮೆ. ವಿಚಿತ್ರವೆಂದರೆ ಪರೀಕ್ಷಾ ಕೇಂದ್ರದಲ್ಲಿ ಯಾರೂ ಏನನ್ನೂ ತಿದ್ದುವುದಿಲ್ಲ. ಅಂಕ ಹಾಕಿ ಕಟ್ಟು ಕಟ್ಟುತ್ತಾರೆ, ಟಿಪ್ಪಣಿ ಬರೆದರೂ ಅದು ಸಾಮಾನ್ಯವಾಗಿ ಹುಡುಗರ ಕಣ್ಣಿಗೆ ಬೀಳುವುದಿಲ್ಲ. ಮೂಡಲ್‌ನಲ್ಲಾದರೋ ವಿದ್ಯಾರ್ಥಿಯ ಪಿಡಿಎಫ್ ಪುಟದ ಮೇಲೆಯೇ ಗೆರೆ ಎಳೆದು ‘ಇಲ್ಲಿ ಆಧಾರ ಸಾಲದು’ ಎಂದು ಬರೆದು ಹಿಂದಿರುಗಿಸಬಹುದು, ಅವನು ಮತ್ತೆ ಒಪ್ಪಿಸಬಹುದು. ಅದೇ ನಿಜವಾದ ತಿದ್ದುವಿಕೆ. ಮಗುವಿಗೆ ಅಕ್ಷರ ತಿದ್ದಿಸುವಾಗಲೂ ಈ ಪದ ಬರುತ್ತದೆಯಲ್ಲ: ಬರೆದದ್ದರ ಮೇಲೆಯೇ ಮತ್ತೆ ಮತ್ತೆ ಬರೆದು ಕೈ ಪಳಗಿಸುವುದು. ‘ರೂಪಣಾತ್ಮಕ’ ಎಂಬ ಪದ ಹೇಳಲು ಹೊರಟಿದ್ದನ್ನು ಈ ಕ್ರಿಯಾಪದ ಎಷ್ಟೋ ಚೆನ್ನಾಗಿ ಹೇಳುತ್ತದೆ ಎಂದು ನಾನು ನಂಬುತ್ತೇನೆ.

ಆಕ್ಷೇಪವೂ ಇದೆ. ಹೊಸ ಆವೃತ್ತಿಗಳಲ್ಲಿ ಪುಟದ ಮೇಲ್ತುದಿಯಲ್ಲೇ ‘ಎಡಿಟ್’ ಸ್ವಿಚ್ ಇರುತ್ತದೆ, ಅದಕ್ಕೂ ‘ತಿದ್ದು’ ಎನ್ನುವವರಿದ್ದಾರೆ. ಅದನ್ನು ‘ಪುಟ ಬದಲಿಸಿ’ ಎಂದರೆ ಗೊಂದಲ ತಪ್ಪೀತೇ? ನಾಮಪದ ಬೇಕಾದಾಗ ‘ತಿದ್ದುಪಡಿ’ಯನ್ನು ಕಾನೂನು ಈಗಾಗಲೇ ಕಿತ್ತುಕೊಂಡಿದೆ, ‘ತಿದ್ದುಟಿಪ್ಪಣಿ’ ನಡೆಯಬಹುದೇ?

ಮೂರನೆಯದಕ್ಕೆ ಮೂಡಲ್ ಬಳಸುವುದು ‘ಫೀಡ್‌ಬ್ಯಾಕ್’, ಅಧ್ಯಾಪಕರ ಟಿಪ್ಪಣಿಗೂ ಅದೇ. ಬಿ.ಎಡ್. ಪಠ್ಯಗಳ ‘ಹಿಮ್ಮಾಹಿತಿ’ ಎರಡಕ್ಕೂ ಸಲ್ಲುವುದರಿಂದ ಇಲ್ಲಿ ಉಪಯೋಗವಿಲ್ಲ. ಪಾಠದ ಕುರಿತ ವಿದ್ಯಾರ್ಥಿಗಳ ಮಾತಿಗೆ ‘ಅನಿಸಿಕೆ’ ಎಂದು ಸದ್ಯಕ್ಕೆ ಇಟ್ಟಿದ್ದೇವೆ. ಅದು ಹಗುರವಾಯಿತು, ಅಧ್ಯಾಪಕರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಮಂಡ್ಯದ ಸ್ನೇಹಿತರೊಬ್ಬರ ವಾದ. ‘ಪಾಠಾವಲೋಕನ’ ಅವರ ಸಲಹೆ. ನನಗೆ ಅದು ಹುಡುಗರ ಬಾಯಿಗೆ ಬಾರದ ಪದ ಎನಿಸುತ್ತದೆ.

‘ತಿದ್ದು’ ಈ ಅರ್ಥದಲ್ಲಿ ಧಾರವಾಡ, ಕರಾವಳಿ ಕಡೆಯಲ್ಲೂ ಬಳಕೆಯಲ್ಲಿದೆಯೇ? ಅಲ್ಲಿನವರು ಉತ್ತರ ಪತ್ರಿಕೆಯನ್ನು ಏನು ಮಾಡುತ್ತಾರೆ, ತಿದ್ದುತ್ತಾರೋ, ನೋಡುತ್ತಾರೋ, ತಪಾಸಣೆ ಮಾಡುತ್ತಾರೋ? ತಿಳಿದವರು ಬರೆಯಬೇಕು.